ಕಿಡಿಯನ್ನು ಒಳಗಿರಿಸುವ ಪೆಟ್ಟಿಗೆ

1913ನೆಯ ಇಸವಿಯ ಅಕ್ಟೋಬರ್ 14ರ ಬೆಳಿಗ್ಗೆ ವೇಲ್ಸ್ ಪ್ರಾಂತದ ಸೆಂಗೆನಿಡ್ ಕಲ್ಲಿದ್ದಲು ಗಣಿಯೊಳಗೆ ಸ್ಫೋಟವುಂಟಾಗಿ 439 ಮಂದಿ ಕೆಲಸಗಾರರು ಮಡಿದರು. ದುರಂತದ ಮೂಲವು ನಿಶ್ಚಿತವಾಗಿ ತಿಳಿಯದೆ ಹೋದರೂ, ಸಂಕೇತ ಕೊಡಲು ಬಳಸುತ್ತಿದ್ದ ವಿದ್ಯುತ್ ಗಂಟೆಯ ಕಿಡಿಯ ಮೇಲೆ ಸಂಶಯವು ಬಿದ್ದಿತು. ಅಷ್ಟು ಕ್ಷೀಣವಾದ ಕಿಡಿಗೂ ಗಣಿಯ ಅನಿಲವನ್ನು ಹೊತ್ತಿಸುವ ಶಕ್ತಿಯುಂಟೆಂಬುದು ತರುವಾಯದ ಪ್ರಯೋಗಗಳಿಂದ ಸಿದ್ಧವಾಯಿತು. ಇಂದು ಪೆಟ್ರೋಲ್ ಬಂಕು, ತೈಲಾಗಾರ, ಔಷಧದ ಕಾರ್ಖಾನೆಗಳಲ್ಲಿ ವಿದ್ಯುತ್ ಉಪಕರಣಗಳಿಗೆ ವಿಧಿಸಿರುವ ನಿಯಮಗಳ ಬೇರುಗಳಲ್ಲೊಂದು ಆ ಶೋಕದಲ್ಲಿಯೇ ಇದೆ.

ಗಣಿಯ ಅನಿಲವಾದ ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗದಷ್ಟು ಬೆರೆತಾಗ ಸ್ಫೋಟಕವಾಗುತ್ತದೆ. ಪೆಟ್ರೋಲಿನ ಆವಿಗಾದರೋ ನೂರಕ್ಕೆ ಸುಮಾರು ಒಂದೂವರೆ ಭಾಗವೇ ಸಾಕು. ಮೇಲಾಗಿ ಈ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲವನ್ನು ಹಿಡಿದು ಹರಿದು, ಚರಂಡಿಗಳಲ್ಲಿಯೂ ಕೇಬಲ್ ಹಾಸಿದ ಗುಂಡಿಗಳಲ್ಲಿಯೂ ಕಣ್ಣಿಗೆ ಬೀಳದೆ ನಿಲ್ಲುತ್ತದೆ. ಆದಕಾರಣ ಸ್ಥಳವನ್ನು ಮೊದಲು ವಲಯಗಳಾಗಿ ವಿಂಗಡಿಸುತ್ತಾರೆ: ಆವಿಯು ಬಹುಕಾಲ ನೆಲೆಸಿರುವ ಟ್ಯಾಂಕಿನ ಒಳಭಾಗವು ಸೊನ್ನೆಯ ವಲಯ, ಎಂದಿನ ಕೆಲಸದ ನಡುವೆಯೇ ಆಗಾಗ ಆವಿ ಕೂಡಬಹುದಾದುದು ಒಂದನೆಯದು, ಏನಾದರೂ ಕೆಟ್ಟಾಗ ಮಾತ್ರ ಅಲ್ಪಕಾಲ ಆವಿ ಸುಳಿಯುವಂಥದು ಎರಡನೆಯದು.

ಇಂತಹ ಸ್ಥಳಗಳಲ್ಲಿ ಕಾಣುವ ದಪ್ಪ ಲೋಹದ ಫ್ಲೇಮ್‌ಪ್ರೂಫ್ ಪೆಟ್ಟಿಗೆಯು ಆವಿಯನ್ನು ಒಳಗೆ ಬಿಡದೆಂದು ಅನೇಕರು ನಂಬಿರುವರು. ವಾಸ್ತವದಲ್ಲಿ ಆವಿಯು ಒಳನುಗ್ಗುವುದೆಂದೂ, ಅದಕ್ಕೆ ಕಿಡಿ ತಗುಲಿ ಒಳಗೇ ಸ್ಫೋಟವಾಗುವುದೆಂದೂ ಒಪ್ಪಿಕೊಂಡೇ ಅದನ್ನು ರಚಿಸಿರುತ್ತಾರೆ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮಿಲಿಮೀಟರಿನ ಕಿಂಚಿದ್ಭಾಗದಷ್ಟೇ ಸಂದಿರುವುದರಿಂದ, ಹೊರಬರುವ ಜ್ವಾಲೆಯು ಆ ಇಕ್ಕಟ್ಟಾದ ಲೋಹದ ದಾರಿಯಲ್ಲಿ ತಣಿದು, ಹೊರಗಿನ ಆವಿಯನ್ನು ಹೊತ್ತಿಸುವ ಕಸುವನ್ನೇ ಕಳೆದುಕೊಳ್ಳುತ್ತದೆ. ಎಷ್ಟು ಸೊಗಸಾದ ಯುಕ್ತಿ! ಆದರೆ ರಿಪೇರಿಗೆಂದು ಮುಚ್ಚಳ ಬಿಚ್ಚಿದವನು ಸಂಜೆಯ ಅವಸರದಲ್ಲಿ ಹನ್ನೆರಡು ಬೋಲ್ಟುಗಳ ಪೈಕಿ ನಾಲ್ಕನ್ನೇ ಬಿಗಿದು ಹೋದರೆ, ಅಥವಾ ನುಣುಪಾಗಿರಬೇಕಾದ ಅಂಚನ್ನು ಸ್ಕ್ರೂಡ್ರೈವರಿನಿಂದ ಮೀಟಿ ಗೀರಿದರೆ, ಆ ಕ್ಷಣದಿಂದ ಪೆಟ್ಟಿಗೆಯು ಕೇವಲ ಭಾರವಾದ ಡಬ್ಬಿಯಾಗುತ್ತದೆ. ಪ್ರಮಾಣಪತ್ರವು ಕಚೇರಿಯ ಫೈಲಿನಲ್ಲಿ ಭದ್ರವಾಗಿದ್ದು ಪ್ರಯೋಜನವೇನು?

ನಮ್ಮ ದೇಶದಲ್ಲಿ ಪೆಟ್ರೋಲಿಯಮ್ ಸ್ಥಾವರಗಳ ಉಪಕರಣಗಳಿಗೆ ಅನುಮೋದನೆ ಕೊಡುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೋ ಸಂಸ್ಥೆ. ಗಣಿಗಳ ವಿಷಯದಲ್ಲಿ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಅನುಮೋದನೆ ದೊರೆತ ಮೇಲಿನ ಪಾಲನೆಯೇ ನನ್ನ ದೃಷ್ಟಿಯಲ್ಲಿ ಹೆಚ್ಚಿನದು. ಸ್ಥಿರವಾಗಿ ಕೂರಿಸಿದ ಉಪಕರಣಗಳ ತಪಾಸಣೆಗಳ ನಡುವೆ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚಿನ ಅಂತರವಿರಕೂಡದೆಂದು ಅಂತರರಾಷ್ಟ್ರೀಯ ಮಾನದಂಡವು ವಿಧಿಸುತ್ತದೆ. ಕೆಲವು ತಪಾಸಣೆಗಳು ಕಣ್ಣಳತೆಯವು. ವಿವರವಾದ ತಪಾಸಣೆಯಲ್ಲಾದರೋ ವಿದ್ಯುತ್ತನ್ನು ಕಡಿದು, ಪೆಟ್ಟಿಗೆಯನ್ನು ತೆರೆದು, ಸಂದಿನ ಅಳತೆಯನ್ನೂ ಕೇಬಲ್ ಗ್ಲ್ಯಾಂಡಿನ ಬಿಗಿಯನ್ನೂ ಪರೀಕ್ಷಿಸಬೇಕು. ಗೋಡೆಯ ಜೊತೆಗೆ ಪೆಟ್ಟಿಗೆಗೂ ಬಣ್ಣ ಬಳಿದು ಅದರ ಫಲಕದ ಅಕ್ಷರಗಳು ಮುಚ್ಚಿಹೋಗಿದ್ದರೆ, ಅದು ಯಾವ ಅನಿಲಕ್ಕೆ, ಎಷ್ಟು ಉಷ್ಣತೆಗೆ ಯೋಗ್ಯವೆಂದು ಹೇಳುವವರಾರು? ಅಂತಹ ಬಣ್ಣವನ್ನು ಜಾಗರೂಕತೆಯಿಂದ ತೆಗೆದು ಅಕ್ಷರಗಳನ್ನು ಓದುವವರೆಗೆ, ಇಲ್ಲವೆ ಬೇರೆ ಉಪಕರಣವನ್ನು ಕೂರಿಸುವವರೆಗೆ, ಆ ಪೆಟ್ಟಿಗೆಗೆ ವಿದ್ಯುತ್ ಕೊಡಬಾರದು.