ಗಣಕಯಂತ್ರಗಳ ಪಾಲನೆ: ಎನಿಯಾಕ್ ಯಂತ್ರದಿಂದ ಇಂದಿನ ಸರ್ವರುಗಳವರೆಗೆ

ಗಣಕಯಂತ್ರದ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಅದನ್ನು ನಿರ್ಮಿಸಿದವರ ಇತಿಹಾಸವನ್ನು ಬರೆದಿರುವರೇ ಹೊರತು, ನಿರ್ಮಿತವಾದ ಯಂತ್ರವನ್ನು ಹಗಲಿರುಳು ನಡೆಯಿಸಿಕೊಂಡು ಬಂದವರ ಇತಿಹಾಸವನ್ನಲ್ಲ. ಈ ಪಾಲಕವರ್ಗವನ್ನು ಇಂದು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂದು ಕರೆಯುತ್ತೇವೆ. ಅಂಕಪಟ್ಟಿಗಳಿಂದ ಹಿಡಿದು ಶಾಸನಗಳ ಛಾಯಾಪ್ರತಿಗಳವರೆಗೆ ಎಲ್ಲವೂ ಸರ್ವರ್ ಎಂಬ ಯಂತ್ರದೊಳಗೆ ಸೇರುತ್ತಿರುವ ಈ ಕಾಲದಲ್ಲಿ ಅವರ ಕಸುಬು ಎಂತಹುದೆಂಬುದನ್ನು ಇತಿಹಾಸದ ವಿದ್ಯಾರ್ಥಿಯೂ ಅರಿತಿರುವುದು ಯುಕ್ತ. ಆ ಕಸುಬಿನ ಮೂಲಸೂತ್ರ ಒಂದೇ: ಯಂತ್ರದ ಪ್ರತಿಯೊಂದು ಭಾಗವೂ ಒಂದಲ್ಲ ಒಂದು ದಿನ ಕೆಡತಕ್ಕದ್ದು, ಕೆಟ್ಟಾಗಲೂ ದಾಖಲೆ ಅಳಿಯದಂತಹ ಏರ್ಪಾಟು ಮೊದಲೇ ಆಗಿರತಕ್ಕದ್ದು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮೂರ್ ಶಾಲೆಯಲ್ಲಿ ನಿರ್ಮಿತವಾಗಿ, 1946ನೆಯ ಇಸವಿಯ ಫೆಬ್ರವರಿಯಲ್ಲಿ ಲೋಕಕ್ಕೆ ಪ್ರದರ್ಶಿತವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದುವು. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿ ಬೆಳಗುತ್ತಿದ್ದ ವಾಲ್ವುಗಳೇ ಇವು. ಐದಾರು ವಾಲ್ವುಗಳ ರೇಡಿಯೋವೇ ಆಗಾಗ್ಗೆ ಕೆಡುತ್ತಿರಲು, ಇಷ್ಟು ದೊಡ್ಡ ಯಂತ್ರ ಒಂದು ಗಳಿಗೆಯಾದರೂ ನೆಟ್ಟಗೆ ನಡೆದೀತೇ ಎಂದು ಅಂದಿನ ತಜ್ಞರು ಸಂದೇಹಪಟ್ಟುದು ಸಹಜವೇ. ಮುಖ್ಯ ಇಂಜಿನಿಯರರಾದ ಜೆ. ಪ್ರೆಸ್ಪರ್ ಎಕರ್ಟ್ ಅವರು ಪ್ರತಿಯೊಂದು ನಳಿಕೆಯನ್ನೂ ತಯಾರಕರು ನಮೂದಿಸಿದ ಮಿತಿಗಿಂತ ಬಹಳ ಕಡಮೆ ವಿದ್ಯುತ್ತಿನಲ್ಲಿ ನಡೆಯುವಂತೆ ಮಾಡಿದರು. ನಳಿಕೆಗಳು ಹೆಚ್ಚಾಗಿ ಕೆಡುತ್ತಿದ್ದುದು ಕಾಯುವಾಗ ಮತ್ತು ಆರುವಾಗ. ಆದುದರಿಂದ ಯಂತ್ರವನ್ನು ಆರಿಸದೆ ಇಡುವ ಪದ್ಧತಿ ಬಂದಿತು. ಕೆಟ್ಟ ಭಾಗವನ್ನು ಇಡಿಯಾಗಿ ಕಳಚಿ ಬೇರೊಂದನ್ನು ಸಿಕ್ಕಿಸುವಂತೆ ಅನೇಕ ಅಂಗಗಳನ್ನು ರಚಿಸಲಾಗಿತ್ತು. ತಂತಿಗಳ ಹೊದಿಕೆಯನ್ನು ಆರಿಸುವ ಮುನ್ನ ಹಸಿದ ಇಲಿಗಳ ಮುಂದೆ ಬಗೆಬಗೆಯ ಮಾದರಿಗಳನ್ನಿಟ್ಟು, ಅವು ಒಲ್ಲದುದನ್ನೇ ಬಳಸಿದರಂತೆ! ಇಲಿಯ ಕಾಟವನ್ನು ಬಲ್ಲ ನಮ್ಮ ಗ್ರಂಥಭಂಡಾರಿಗಳಿಗೆ ಈ ದೂರದೃಷ್ಟಿ ಮೆಚ್ಚುಗೆಯಾಗದೆ ಇರದು. ಕಾಲಕ್ರಮದಲ್ಲಿ ಸರಾಸರಿ ಎರಡು ದಿನಗಳಿಗೊಂದು ನಳಿಕೆ ಕೆಡುವ ಸ್ಥಿತಿ ಉಂಟಾಯಿತು. 1954ರಲ್ಲಿ ಒಮ್ಮೆ 116 ಗಂಟೆಗಳ ಕಾಲ ಯಾವ ತೊಡಕೂ ಇಲ್ಲದೆ ಯಂತ್ರ ನಡೆಯಿತು.

ಪಾಲಕರ ಇನ್ನೊಂದು ಸಾಧನ ದಿನಚರಿ ಪುಸ್ತಕ. ಹಾರ್ವರ್ಡಿನ ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ 1947ರ ಸೆಪ್ಟೆಂಬರ್ 9ರಂದು ಸಿಕ್ಕ ಪತಂಗವನ್ನು ಅಲ್ಲಿನವರು ವೇಳೆಯ ಸಮೇತ ಪುಸ್ತಕಕ್ಕೆ ಅಂಟಿಸಿಟ್ಟರು. ಯಂತ್ರದೋಷಕ್ಕೆ ‘ಬಗ್’ ಎಂಬ ಹೆಸರು ಬಂದುದು ಇದರಿಂದಲೇ ಎಂಬ ಪ್ರತೀತಿ ನಿಲ್ಲತಕ್ಕದ್ದಲ್ಲ. ಎಡಿಸನ್ 1878ರಲ್ಲಿಯೇ ಆ ಪದವನ್ನು ಬಳಸಿದ್ದುಂಟು. ದೋಷವನ್ನು ಕಂಡ ಕ್ಷಣದಲ್ಲಿಯೇ ಬರೆದಿಟ್ಟರೆಂಬುದು ನಮಗೆ ಮುಖ್ಯ.

ಇಂದಿನ ಸರ್ವರಿನಲ್ಲಿ ನಳಿಕೆಗಳಿಲ್ಲ. ಆದರೆ ತಿರುಗುವ ಡಿಸ್ಕುಗಳು, ಬೀಸಣಿಗೆಗಳು, ವಿದ್ಯುತ್ ಪೂರೈಕೆಯ ಪೆಟ್ಟಿಗೆಗಳು ಇವೆ. ಬೀಸಣಿಗೆ ಕೆಟ್ಟರೆ ಬೇರೊಂದನ್ನು ಹಾಕಿದರಾಯಿತು. ಡಿಸ್ಕು ಕೆಟ್ಟರೆ ಅದರಲ್ಲಿದ್ದ ಬರಹವೂ ಹೋಗುತ್ತದೆ. ಡಿಸ್ಕಿನ ಸರಾಸರಿ ಆಯುಸ್ಸು 10,00,000 ಗಂಟೆಗಳೆಂದು ತಯಾರಕರು ನಮೂದಿಸುವುದುಂಟು. ಅದನ್ನು ನಂಬಿದರೆ 100 ಡಿಸ್ಕುಗಳಲ್ಲಿ ವರ್ಷಕ್ಕೆ ಸರಾಸರಿ ಒಂದಕ್ಕಿಂತ ಹೆಚ್ಚು ಕೆಡಬಾರದು. ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಎಂಬ ವಿದ್ವಾಂಸರು ಸುಮಾರು 1,00,000 ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ವರ್ಷಕ್ಕೆ ನೂರಕ್ಕೆ ಎರಡರಿಂದ ನಾಲ್ಕನ್ನು ಬದಲಾಯಿಸಬೇಕಾಗಿ ಬಂದುದು ಸಾಮಾನ್ಯ. ಕೆಲವೆಡೆ ಅದು ಹದಿಮೂರರವರೆಗೂ ಏರಿತ್ತು. ಮುನ್ಸೂಚನೆಯನ್ನು ಕಾಯೋಣವೆಂದರೆ ಅದೂ ಭರವಸೆಯದಲ್ಲ. ಗೂಗಲ್ ಸಂಸ್ಥೆಯವರು ಅದೇ ವರ್ಷ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು ಶಾಖದ ಅಳತೆಯೊಂದನ್ನುಳಿದು ಬೇರಾವ ಸೂಚನೆಯನ್ನೂ ಕೊಡದೆಯೇ ಕೆಟ್ಟಿದ್ದುವು.

ಇದಕ್ಕೆ ಪರಿಹಾರವಾಗಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ರೇಯ್ಡ್ ಎಂಬ ಕ್ರಮವನ್ನು ನಿರೂಪಿಸಿದರು. ಅದರ ತಿರುಳು ಸರಳ. ಮೂರು ಡಿಸ್ಕುಗಳಲ್ಲಿ 7, 4, 9 ಎಂಬ ಅಂಕಿಗಳಿವೆಯೆನ್ನೋಣ. ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ 20 ಇದೆ. 4 ಇದ್ದ ಡಿಸ್ಕು ಕೆಟ್ಟರೆ, 20ರಿಂದ 7ನ್ನೂ 9ನ್ನೂ ಕಳೆದು ಅದನ್ನು ಮರಳಿ ಪಡೆಯಬಹುದು. ಗಣಕವು ಮಾಡುವುದು ನಿಜವಾಗಿ ಸಂಕಲನವಲ್ಲ, ಅದರ ಸೋದರಸಂಬಂಧಿಯಾದ ಒಂದು ಲೆಕ್ಕ. ನ್ಯಾಯ ಮಾತ್ರ ಅದೇ. ಎರಡು ಡಿಸ್ಕುಗಳು ಒಮ್ಮೆಗೇ ಹೋದರೆ ಈ ಲೆಕ್ಕ ಸಾಗದು. ಅನನುಭವಿಗಳ ಕೈಯಲ್ಲಿ ಅನಾಹುತವಾಗುವುದು ಇಲ್ಲಿಯೇ: ಕೆಟ್ಟ ಡಿಸ್ಕನ್ನು ಬದಲಾಯಿಸಹೋಗಿ ಪಕ್ಕದ ಒಳ್ಳೆಯ ಡಿಸ್ಕನ್ನು ಎಳೆಯುವುದು. ಆದಕಾರಣ ಯಾವ ಗೂಡಿನಲ್ಲಿ ಯಾವ ಸಂಖ್ಯೆಯ ಡಿಸ್ಕು ಇದೆಯೆಂಬುದನ್ನು ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಚೀಟಿ ಬರೆದು ಅಂಟಿಸಬೇಕು; ಎಳೆಯುವ ಮುನ್ನ ತಂತ್ರಾಂಶವು ಹೇಳುವ ಸಂಖ್ಯೆಯನ್ನೂ ಚೀಟಿಯನ್ನೂ ಗಟ್ಟಿಯಾಗಿ ಓದಿ ಹೋಲಿಸಬೇಕು. ಕೈ ಹಾಕುವ ಮೊದಲು ಯಂತ್ರದ ಲೋಹದ ಚೌಕಟ್ಟನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳುವುದೂ ಅವಶ್ಯ.

ರೇಯ್ಡ್ ಇದ್ದ ಮಾತ್ರಕ್ಕೆ ಪ್ರತ್ಯೇಕ ಪ್ರತಿ ಬೇಡವೆಂದು ತಿಳಿಯಲಾಗದು. ಅಳಿಸೆಂಬ ಅಪ್ಪಣೆಯನ್ನು ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಲ್ಲಿಯೂ ನೆರವೇರಿಸುತ್ತದೆ. ಪಿಕ್ಸಾರ್ ಸಂಸ್ಥೆಯಲ್ಲಿ 1998ರಲ್ಲಿ ಒಂದು ಅಪ್ಪಣೆಯಿಂದ ‘ಟಾಯ್ ಸ್ಟೋರಿ 2’ ಚಲಚ್ಚಿತ್ರದ ಬಹುಭಾಗ ಅಳಿಸಿಹೋಯಿತು. ಕಾಪಿಟ್ಟ ಪ್ರತಿಗಳು ಸರಿಯಾಗಿ ದಾಖಲಾಗಿಯೇ ಇರಲಿಲ್ಲವೆಂಬುದು ಆಗ ತಿಳಿಯಿತು. ಮಗುವಿನ ಪೋಷಣೆಗಾಗಿ ಮನೆಯಿಂದಲೇ ಕೆಲಸಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಗಣಕದಲ್ಲಿ ಒಂದು ಪ್ರತಿಯಿದ್ದುದರಿಂದ ಚಿತ್ರ ಉಳಿಯಿತು.

ಆದುದರಿಂದ ಪ್ರತಿಯನ್ನು ತೆಗೆದಿಟ್ಟರೆ ಸಾಲದು. ತಿಂಗಳಿಗೊಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಅದನ್ನು ಬಿಚ್ಚಿ ಓದಿ ನೋಡಬೇಕು. ಮೂಲಕ್ಕೂ ಪ್ರತಿಗೂ ಹೋಲಿಕೆಯನ್ನು ಚೆಕ್‌ಸಮ್ ಎಂಬ ಅಂಕಿಯಿಂದ ನಿರ್ಣಯಿಸುತ್ತಾರೆ. ನಮ್ಮ ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು 32 ಅಕ್ಷರಗಳಿಗೆ ಒಂದರಂತೆ ಎಣಿಸಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದ ಪದ್ಧತಿ ಇದಕ್ಕೆ ಹತ್ತಿರದ್ದು. ಭೇದವಿಷ್ಟೆ: ಗ್ರಂಥಸಂಖ್ಯೆಯಿಂದ ಓಲೆ ಕಳೆದುಹೋದುದು ತಿಳಿಯುತ್ತಿತ್ತು, ಒಂದಕ್ಷರ ತಪ್ಪಿದುದು ತಿಳಿಯುತ್ತಿರಲಿಲ್ಲ, ಚೆಕ್‌ಸಮ್ ಅದನ್ನೂ ತೋರಿಸಿಕೊಡುತ್ತದೆ.