ಹೊಲದ ದಾರಿಯ ಪಿಕಪ್ ವಾಹನಕ್ಕೆ ತಕ್ಕ ಟೈರು

ಪೂರ್ವದಲ್ಲಿ ಬೆಳೆಯನ್ನು ಪೇಟೆಗೆ ಸಾಗಿಸುವ ಕೆಲಸವು ಬಹುಮಟ್ಟಿಗೆ ಎತ್ತಿನ ಬಂಡಿಗಳಿಂದಲೇ ನಡೆಯುತ್ತಿದ್ದಿತು. ಈಗ ಅದರ ದೊಡ್ಡ ಪಾಲನ್ನು ಪಿಕಪ್ ಎಂಬ ಸಣ್ಣ ಸರಕು ವಾಹನವು ವಹಿಸಿಕೊಂಡಿರುತ್ತದೆ. ಟೊಮೇಟೊ, ಹೂವು, ರೇಷ್ಮೆಗೂಡು ಮುಂತಾದುವನ್ನು ಬೆಳೆಯುವವರ ವಾಹನವು ಹೊಲದ ಬದುವಿನ ಬಳಿ ಒಂದು ಹೊತ್ತು ಹೂತು ನಿಂತಿತೆಂದರೆ ಆ ದಿನದ ಹರಾಜು ತಪ್ಪಿಹೋಗುವುದು. ಆದುದರಿಂದ ಟೈರು ಬದಲಾಯಿಸುವ ಕಾಲದಲ್ಲಿ ಕಿರಿದಾದುವನ್ನು ಹಾಕಿಸಬೇಕೇ ಅಗಲವಾದುವನ್ನು ಹಾಕಿಸಬೇಕೇ ಎಂಬ ವಿಷಯವನ್ನು ಅಂಗಡಿಯವರ ಮಾತಿಗೂ ಮನೆಯ ಹುಡುಗರ ಷೋಕಿಗೂ ಬಿಡದೆ ಯಜಮಾನರು ತಾವೇ ವಿಚಾರಿಸಿ ನೋಡುವುದು ಲೇಸು.

ಅಗಲವಾದ ಟೈರು ನೆಲವನ್ನು ಕಡಮೆ ಒತ್ತುವುದೆಂಬುದು ಸಾಮಾನ್ಯವಾದ ನಂಬಿಕೆ. ಇದು ಅರ್ಧ ಮಾತ್ರ ನಿಜ. ನೆಲದ ಮೇಲೆ ಬೀಳುವ ಒತ್ತಡವನ್ನು ಮುಖ್ಯವಾಗಿ ನಿರ್ಣಯಿಸುವುದು ಟೈರಿನೊಳಗಿನ ಗಾಳಿಯೇ ಹೊರತು ಅದರ ಅಗಲವಲ್ಲ. ಒಂದು ಗಾಲಿಯ ಮೇಲೆ 600 ಕಿಲೋಗ್ರಾಂ ಭಾರವಿದ್ದು, ಒಳಗಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ 3 ಕಿಲೋಗ್ರಾಂ ಇದ್ದಲ್ಲಿ, ಟೈರು ನೆಲವನ್ನು ಮುಟ್ಟುವ ಜಾಗವು ಸುಮಾರು 200 ಚದರ ಸೆಂಟಿಮೀಟರು ಆಗುವುದು. ರಬ್ಬರಿನ ಬಿಗಿತನದಿಂದ ಸ್ವಲ್ಪ ಹೆಚ್ಚುಕಡಮೆಯಾಗಬಹುದು. ಕಿರಿದಾದ ಟೈರಿನಲ್ಲಿ ಈ ಜಾಗವು ಉದ್ದವಾಗಿಯೂ, ಅಗಲವಾದುದರಲ್ಲಿ ಗಿಡ್ಡವಾಗಿ ಅಡ್ಡಕ್ಕೂ ಹರಡಿರುವುದು, ವ್ಯತ್ಯಾಸವಿಷ್ಟೆ. ಅಗಲವಾದ ಟೈರು ಹೆಚ್ಚು ಗಾಳಿಯನ್ನು ಹಿಡಿಯುವುದರಿಂದ ಅದೇ ಭಾರವನ್ನು ಕಡಮೆ ಒತ್ತಡದಲ್ಲಿ ಹೊರಬಲ್ಲದು. ಅದರ ನಿಜವಾದ ಅನುಕೂಲವು ಇದೇ. ಅಗಲವಾದುದನ್ನು ಹಾಕಿಸಿ ಹಿಂದಿನಷ್ಟೇ ಬಿಗಿಯಾಗಿ ಗಾಳಿ ತುಂಬಿಸುವವರು ಹಣ ತೆತ್ತು ಆ ಅನುಕೂಲವನ್ನು ಬಿಟ್ಟುಕೊಟ್ಟಂತಾಯಿತು. ಸಂದೇಹವುಳ್ಳವರು ಗಟ್ಟಿ ನೆಲದ ಮೇಲೆ ಒಂದು ರಟ್ಟನ್ನಿಟ್ಟು, ಟೈರಿಗೆ ಒದ್ದೆ ಸುಣ್ಣ ಬಳಿದು, ಗಾಲಿಯನ್ನು ಅದರ ಮೇಲೆ ಹತ್ತಿಸಿ, ಬಿದ್ದ ಗುರುತನ್ನು ಅಳೆದುಕೊಳ್ಳಬಹುದು. ಅನಂತರ ಸ್ವಲ್ಪ ಗಾಳಿಯನ್ನು ಬಿಟ್ಟು ಪುನಃ ಅಳೆದರೆ ಗುರುತು ದೊಡ್ಡದಾಗಿರುವುದು ಪ್ರತ್ಯಕ್ಷವಾಗಿ ಕಾಣುವುದು.

ಇನ್ನು ನೆಲದ ಗುಣ. ಕೆಮ್ಮಣ್ಣಿನ ಸೀಮೆಯಲ್ಲಿ, ಮೇಲಿನ ಕೆಸರು ನಾಲ್ಕಾರು ಅಂಗುಲ ಮಾತ್ರವಿದ್ದು ಅಡಿಯಲ್ಲಿ ಗರಸಿನ ಗಟ್ಟಿ ಪದರವಿರುವ ದಾರಿಗಳುಂಟು. ಅಲ್ಲಿ ಕಿರಿದಾಗಿ ಎತ್ತರವಾದ ಟೈರೇ ಮೇಲು. ಅದು ಕೆಸರನ್ನು ಸೀಳಿಕೊಂಡು ಗಟ್ಟಿ ನೆಲವನ್ನು ಮುಟ್ಟಿ ಹಿಡಿತವನ್ನು ಪಡೆಯುವುದು. ಮುಂದೆ ನೂಕಬೇಕಾದ ಕೆಸರಿನ ರಾಶಿಯೂ ಅದಕ್ಕೆ ಕಡಮೆ. ಮರಳಿನಲ್ಲಿ ಇದಕ್ಕೆ ವಿರುದ್ಧ. ಎಷ್ಟು ಇಳಿದರೂ ಅಡಿಯಲ್ಲಿ ಮರಳೇ ಇರುವುದರಿಂದ ಟೈರು ಇಳಿಯದೆ ಮೇಲೆ ತೇಲಬೇಕು. ಲಿಬಿಯಾದ ಮರುಭೂಮಿಯಲ್ಲಿ 1930ರ ಸುಮಾರಿಗೆ ಸಂಚರಿಸಿದ ಬ್ಯಾಗ್ನಾಲ್ಡ್ ಎಂಬ ಆಂಗ್ಲ ಸೇನಾಧಿಕಾರಿಯು ಟೈರಿನ ಗಾಳಿಯನ್ನು ಇಳಿಸಿಯೇ ಮರಳುದಿಬ್ಬಗಳನ್ನು ದಾಟಿದನು.

ಎರೆಭೂಮಿಯ ಸಂಗತಿ ಬೇರೆ. ಧಾರವಾಡ, ವಿಜಯಪುರ, ಕಲಬುರಗಿಯ ಕಡೆಗಳಲ್ಲಿ ಎರೆಯು ಆಳವಾಗಿರುವ ಹೊಲಗಳಲ್ಲಿ ಕಿರಿದಾದ ಟೈರು ಹುಡುಕಿಕೊಂಡು ಹೋಗುವ ಗಟ್ಟಿ ತಳವು ಹತ್ತಿರದಲ್ಲೆಲ್ಲಿಯೂ ಸಿಕ್ಕುವುದಿಲ್ಲ. ಅಗಲವಾದುದು ಇಳಿಯುವುದು ಕಡಮೆಯಾದರೂ, ಜಿಗಟು ಮಣ್ಣು ಅದರ ಹಲ್ಲುಗಳ ಸಂದಿನಲ್ಲಿ ಮೆತ್ತಿಕೊಂಡು ಟೈರು ಬೋಳಾದಂತಾಗಿ ಜಾರುವುದು. ಮಳೆ ಬಿದ್ದ ಎರೆಯಲ್ಲಿ ಯಾವ ಟೈರನ್ನೂ ನಂಬತಕ್ಕದ್ದಲ್ಲವೆಂದೇ ನನ್ನ ಅಭಿಪ್ರಾಯ. ಗಟ್ಟಿ ರಸ್ತೆಯ ಅಂಚಿನಲ್ಲಿ ವಾಹನವನ್ನು ನಿಲ್ಲಿಸಿ ಮಾಲನ್ನು ಬಂಡಿಯಲ್ಲಿಯೋ ತಲೆಹೊರೆಯಲ್ಲಿಯೋ ತರಿಸುವುದು ಕೂಲಿಗೆ ದುಬಾರಿಯಾಗಿ ಕಂಡರೂ ಹೊಲಕ್ಕೆ ಅಗ್ಗ. ಏಕೆಂದರೆ ಒದ್ದೆ ಮಣ್ಣಿನ ಮೇಲೆ ಭಾರವಾದ ವಾಹನವು ಹಾದರೆ ಮಣ್ಣಿನ ಸಂದುಗಳು ಮುಚ್ಚಿ, ನೀರು ಇಂಗದೆ, ಬೇರು ಇಳಿಯದೆ, ಜಾಡಿನುದ್ದಕ್ಕೂ ಪೈರು ಸೊರಗುವುದು. ಮೇಲ್ಪದರದ ಈ ಬಿಗಿತವು ಟೈರಿನ ಒತ್ತಡವನ್ನು ಅವಲಂಬಿಸಿದುದು. ಅದನ್ನು ಉಳುಮೆಯಿಂದ ಸಡಿಲಿಸಬಹುದು. ನೇಗಿಲಿಗೆ ಎಟುಕದ ಕೆಳಪದರದ ಬಿಗಿತವಾದರೋ ಅಚ್ಚಿನ ಮೇಲಿನ ಒಟ್ಟು ಭಾರದಿಂದ ಬರತಕ್ಕದ್ದು. ಅದಕ್ಕೆ ಅಗಲವಾದ ಟೈರು ಪರಿಹಾರವಲ್ಲ, ಹೊರೆಯನ್ನು ಕಡಮೆ ಮಾಡುವುದೇ ಪರಿಹಾರ. ಹೊಲದಲ್ಲಿ ಹಾಯಲೇಬೇಕಾದರೆ ಪ್ರತಿಸಲವೂ ಒಂದೇ ಜಾಡಿನಲ್ಲಿ ಹಾಯಿಸತಕ್ಕದ್ದು.

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಅಂಕಿಗಳನ್ನು ಓದಲು ಕಲಿತಿರಬೇಕು. 215/75 ಆರ್ 15 ಎಂದಿದ್ದರೆ ಅಗಲವು 215 ಮಿಲಿಮೀಟರು, ಪಕ್ಕದ ಎತ್ತರವು ಆ ಅಗಲದ ನೂರಕ್ಕೆ 75 ಪಾಲು, ಒಳಗಿನ ಉಕ್ಕಿನ ಚಕ್ರದ ವ್ಯಾಸವು 15 ಅಂಗುಲ. 7.00 ಆರ್ 15 ಎಂದಿದ್ದರೆ ಅಗಲವು 7 ಅಂಗುಲ, ಎಂದರೆ ಸುಮಾರು 178 ಮಿಲಿಮೀಟರು. ಇವುಗಳ ಜೊತೆಯಲ್ಲಿ ಭಾರದ ಸಂಖ್ಯೆಯೊಂದಿರುವುದು. 100 ಎಂದರೆ ಒಂದು ಟೈರು 800 ಕಿಲೋಗ್ರಾಂ ಹೊರಬಲ್ಲದೆಂದರ್ಥ. ನೋಟಕ್ಕೆ ಭರ್ಜರಿಯಾದ ಅಗಲ ಟೈರುಗಳಲ್ಲಿ ಕೆಲವು ಪ್ರಯಾಣಿಕರ ಕಾರುಗಳಿಗಾಗಿ ಮಾಡಿದುವು. ಹಿಂದಿನ ಅಚ್ಚಿನ ಮೇಲೆ ಹೊರೆ ಬಿದ್ದೊಡನೆ ಅವುಗಳ ಬಲಹೀನತೆ ಗೊತ್ತಾಗುವುದು. ಅತಿಯಾಗಿ ಅಗಲವಾದುವು ತಿರುವಿನಲ್ಲಿ ಮಡ್ಗಾರ್ಡಿಗೆ ಉಜ್ಜುವುವು, ಸ್ಟಿಯರಿಂಗನ್ನು ಭಾರ ಮಾಡುವುವು, ನೀರು ನಿಂತ ಡಾಮರು ರಸ್ತೆಯಲ್ಲಿ ವೇಗವಾಗಿ ಹೋದರೆ ನೆಲವನ್ನು ಬಿಟ್ಟು ತೇಲುವುವು. ವಾಹನವನ್ನು ತಯಾರಿಸಿದವರು ಒಪ್ಪಿದ ಅಳತೆಗಳನ್ನು ಮೀರುವುದು 1988ರ ಮೋಟಾರು ವಾಹನಗಳ ಕಾಯಿದೆಯ ತೊಡಕಿಗೂ ಕಾರಣವಾಗಬಹುದು. ಅಗಲ ಯಾವುದೇ ಇರಲಿ, ಹಲ್ಲಿನ ಆಳವು 1.6 ಮಿಲಿಮೀಟರಿಗಿಂತ ಕಡಮೆಯಾದ ಟೈರನ್ನು ಇಂತಹ ವಾಹನದಲ್ಲಿ ಉಪಯೋಗಿಸಕೂಡದೆಂದು ನಿಯಮವಿರುತ್ತದೆ.

ಒಂದೇ ವಾಹನವು ಹೊಲದ ದಾರಿಯನ್ನೂ ಡಾಮರು ರಸ್ತೆಯನ್ನೂ ತುಳಿಯಬೇಕಾದವರಿಗೆ, ತಯಾರಕರು ಒಪ್ಪಿದ ಅಳತೆಗಳಲ್ಲಿ ಎತ್ತರವಾದುದನ್ನು ಆರಿಸಿಕೊಂಡು ಅಗಲಕ್ಕೆ ಆಸೆಪಡದಿರುವುದೇ ಬಹುಪಾಲು ಕೆಮ್ಮಣ್ಣಿನ ಊರುಗಳಲ್ಲಿ ಸರಿಯಾಗಿ ತೋರುತ್ತದೆ. ನದಿಯ ಮರಳನ್ನು ದಿನವೂ ದಾಟುವವರು ಅಗಲವಾದುದನ್ನು ಹಾಕಿಸಲಿ. ಮೆತ್ತನೆಯ ನೆಲಕ್ಕಾಗಿ ಗಾಳಿಯನ್ನು ಇಳಿಸುವವರು ಹೊರೆಯನ್ನೂ ವೇಗವನ್ನೂ ಇಳಿಸಬೇಕು; ಆಗ ಟೈರಿನ ಪಕ್ಕಗಳು ಉಬ್ಬಿ ಹೊರಚಾಚುವುದರಿಂದ ಜಾಲಿಯ ಮುಳ್ಳಿಗೂ ತೊಗರಿಯ ಕೂಳೆಗೂ ಸುಲಭವಾಗಿ ಸಿಕ್ಕುವುವು. ರಸ್ತೆಯನ್ನು ಸೇರಿದೊಡನೆ ವೇಗವನ್ನು ಹೆಚ್ಚಿಸುವ ಮೊದಲೇ ಪುನಃ ಪೂರ್ತಿಯಾಗಿ ಗಾಳಿ ತುಂಬತಕ್ಕದ್ದು. ಇಲ್ಲವಾದರೆ ಟೈರು ಕಾದು ಒಡೆಯುವುದು. ಇದಕ್ಕಾಗಿ ಒಂದು ಪಂಪನ್ನೂ ಒತ್ತಡ ಅಳೆಯುವ ಗೇಜನ್ನೂ ವಾಹನದಲ್ಲಿಯೇ ಇಟ್ಟುಕೊಂಡಿರಬೇಕು. ಅಳತೆಯನ್ನು ಬೆಳಗಿನ ಹೊತ್ತು, ವಾಹನವು ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ತೆಗೆದುಕೊಳ್ಳುವುದು.