ಬೇಸಿಗೆ ಕಿಮೋನೊಗೆ ಹೊಸ ಚಿತ್ತಾರ ಬಂದ ಬಗೆ

ಜಪಾನಿನಲ್ಲಿ ಕಿಮೋನೊ ಉಡುವುದಕ್ಕೂ ತಿಂಗಳ ಲೆಕ್ಕವಿದೆ. ಅಕ್ಟೋಬರಿನಿಂದ ಮೇವರೆಗೆ ಒಳಗೆ ಅಸ್ತರು ಹಚ್ಚಿದ್ದು, ಜೂನ್ ಮತ್ತು ಸೆಪ್ಟೆಂಬರಿಗೆ ಒಂಟಿ ಪದರದ ‘ಹಿತೊಯೆ’, ಜುಲೈ–ಆಗಸ್ಟಿನ ಸೆಕೆಗೆ ಸಣ್ಣ ಕಿಂಡಿ ಬಿಟ್ಟು ನೇಯ್ದ ‘ರೊ’ ಅಥವಾ ‘ಷಾ’. ಇಂಥ ತೆಳು ಬಟ್ಟೆಯ ಮೇಲೆ ಹರಿಯುವ ನೀರನ್ನೋ ಶರದೃತುವಿನ ಹುಲ್ಲನ್ನೋ ಬಿಡಿಸುವುದು ಹಳೆಯ ರೂಢಿ. ನೋಡಿದ ಕಣ್ಣಿಗೂ ತಂಪೆನಿಸಬೇಕು. 1920 ಮತ್ತು 30ರ ದಶಕಗಳಲ್ಲಿ ಅದೇ ನೀರು ಅಂಕುಡೊಂಕು ಗೆರೆಯಾಯಿತು, ಹೂವು ವೃತ್ತವಾಯಿತು.

ಈ ಬದಲಾವಣೆಯ ಬೇರು ಅಗ್ಗದ ರೇಷ್ಮೆಯಲ್ಲಿದೆ. ಎರಡು ಹುಳು ಸೇರಿ ಕಟ್ಟಿದ ಗೂಡಿನಿಂದ ನಯವಾದ ಎಳೆ ಬಾರದು. ಅಂಥ ಗೂಡಿನ ಗಂಟುಗಂಟು ನೂಲನ್ನೇ ಬಳಸಿ ಟೋಕಿಯೊ ಸುತ್ತಲಿನ ಇಸೆಸಾಕಿ, ಚಿಚಿಬು, ಅಷಿಕಾಗ, ಹಾಚಿಯೋಜಿಯಂಥ ಊರುಗಳು ‘ಮೇಸೆನ್’ ಎಂಬ ಗಟ್ಟಿ ಬಟ್ಟೆ ನೇಯುತ್ತಿದ್ದವು. 20ನೇ ಶತಮಾನದ ಮೊದಲ ದಶಕದ ಕೊನೆಗೆ ಅಲ್ಲಿ ‘ಹೊಗುಷಿ’ ವಿಧಾನ ಬಂತು. ಹೊಗುಷಿ ಎಂದರೆ ಬಿಚ್ಚುವುದು. ಮೊದಲು ಹಾಸಿನ ಎಳೆಗಳು ಕದಲದಂತೆ ನಡುವೆ ವಿರಳವಾಗಿ ಹೊಕ್ಕು ಹಾಕುತ್ತಾರೆ. ಅದರ ಮೇಲೆ ಕೊರೆಯಚ್ಚು ಇಟ್ಟು ಬಣ್ಣ ಬಳಿಯುತ್ತಾರೆ. ಮತ್ತೆ ಮಗ್ಗಕ್ಕೇರಿಸಿ, ಆ ತಾತ್ಕಾಲಿಕ ಹೊಕ್ಕನ್ನು ಬಿಚ್ಚುತ್ತ, ನಿಜವಾದ ಹೊಕ್ಕಿನಿಂದ ನೇಯುತ್ತಾರೆ. ಪೋಚಂಪಳ್ಳಿ ಸೀರೆಯಲ್ಲಿ ನೂಲನ್ನು ಕಟ್ಟಿ ಕಟ್ಟಿ ಬಣ್ಣದಲ್ಲಿ ಅದ್ದುವ ಶ್ರಮ ಇಲ್ಲಿಲ್ಲ. ಹೀಗಾಗಿ ದೊಡ್ಡ ಆಕಾರ, ರಾಸಾಯನಿಕ ಬಣ್ಣಗಳ ಗಾಢತೆ, ಎರಡೂ ಅಗ್ಗಕ್ಕೆ ದೊರೆತವು. ನೇಯುವಾಗ ಎಳೆಗಳು ಕೂದಲೆಳೆಯಷ್ಟು ಸರಿದು ಅಂಚು ಕೊಂಚ ಕದಡುತ್ತದೆ. ಮೇಸೆನ್ನಿನ ಸೊಗಸೆಲ್ಲ ಆ ಕದಡಿದ ಅಂಚಿನಲ್ಲಿದೆ. ಬಣ್ಣ ನೂಲಿಗೇ ಹತ್ತಿರುವುದರಿಂದ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಅಸ್ತರಿಲ್ಲದ ಬೇಸಿಗೆ ಉಡುಪಿಗೆ ಇದಕ್ಕಿಂತ ಒಪ್ಪುವ ಗುಣ ಬೇರೊಂದಿಲ್ಲ. ಹೊರಮೈ ಬಿಸಿಲಿಗೆ ಮಾಸಿದರೆ ಹೊಲಿಗೆ ಬಿಚ್ಚಿ, ಮಗುಚಿ, ಮತ್ತೆ ಹೊಲಿಯಬಹುದಿತ್ತು.

ಆಕಾರಗಳು ಬಂದದ್ದು ಹಲವು ಕಡೆಯಿಂದ. ಆರ್ಟ್ ನೂವೊದ ಬಳ್ಳಿಗಳು ಮೊದಲು ಬಂದವು, ವಿಯೆನ್ನಾದ ಚೌಕಗಳು ಸೇರಿಕೊಂಡವು, 1925ರ ಪ್ಯಾರಿಸ್ ಪ್ರದರ್ಶನದ ನಂತರ ಆರ್ಟ್ ಡೆಕೊ ಎಲ್ಲೆಡೆ ಹಬ್ಬಿತು. ಬರ್ಲಿನ್‌ನಿಂದ ಮರಳಿದ ಮುರಾಯಾಮಾ ತೊಮೊಯೋಷಿ 1923ರಲ್ಲಿ ‘ಮಾವೊ’ ಕಲಾವಿದರ ಬಳಗ ಕಟ್ಟಿದ. ಅದೇ ವರ್ಷದ ಸೆಪ್ಟೆಂಬರಿನ ಭೂಕಂಪ ಟೋಕಿಯೊದ ದೊಡ್ಡ ಭಾಗವನ್ನು ಸುಟ್ಟು ನೆಲಸಮ ಮಾಡಿತು. ಮತ್ತೆ ಎದ್ದ ನಗರದಲ್ಲಿ ಕಚೇರಿಗೆ, ಅಂಗಡಿಗೆ, ಕೆಫೆಗೆ ದುಡಿಯಲು ಹೊರಟ ಹೆಣ್ಣುಮಕ್ಕಳು ಮೇಸೆನ್ ಉಟ್ಟರು. ಮಿತ್ಸುಕೋಷಿ, ತಕಾಷಿಮಾಯಾದಂಥ ದೊಡ್ಡ ಮಳಿಗೆಗಳು ಹೊಸ ವಿನ್ಯಾಸಗಳನ್ನು ಅವರ ಮುಂದೆ ಹರಡಿದವು.

ಕಿಮೋನೊದ ಕತ್ತರಿಕೆಯೂ ಈ ಚಿತ್ತಾರಕ್ಕೆ ಒದಗಿ ಬಂತು. ಸುಮಾರು 36 ಸೆಂ.ಮೀ. ಅಗಲ, 12 ಮೀಟರ್ ಉದ್ದದ ಒಂದೇ ಥಾನನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ಮೈಯ ತಿರುವಿಗೆ ತಕ್ಕಂತೆ ಬಟ್ಟೆಯನ್ನು ಕತ್ತರಿಸುವುದಿಲ್ಲವಾಗಿ, ಬೆನ್ನಿನ ಮೇಲಿನ ತ್ರಿಕೋನ ಮುರಿಯದೆ ಉಳಿಯುತ್ತದೆ.

1940ರ ಜುಲೈ 7ರಂದು ಐಷಾರಾಮಿ ವಸ್ತುಗಳ ತಯಾರಿಕೆ, ಮಾರಾಟಕ್ಕೆ ಸರ್ಕಾರ ಕಡಿವಾಣ ಹಾಕಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮೇಸೆನ್ ಕೆಲಕಾಲ ಚಿಗುರಿದರೂ ನಿತ್ಯದ ಉಡುಗೆ ಪಾಶ್ಚಾತ್ಯವಾಯಿತು. ಚಿಚಿಬು ಮೇಸೆನ್‌ಗೆ 2013ರಲ್ಲಿ ಜಪಾನ್ ಸರ್ಕಾರದ ಸಾಂಪ್ರದಾಯಿಕ ಕರಕುಶಲ ಮಾನ್ಯತೆ ಸಿಕ್ಕಿತು. ಅಲ್ಲಿನ ಕೆಲವು ಮಗ್ಗಗಳಲ್ಲಿ ತಾತ್ಕಾಲಿಕ ಹೊಕ್ಕನ್ನು ಇಂದಿಗೂ ಕೈಯಲ್ಲೇ ಬಿಚ್ಚುತ್ತ ನೇಯುತ್ತಾರೆ.